ಚೀಟಿ ಬರೆಯುವ ಕುರ್ಚಿ

"ಗಂಡನ ಹೆಸ್ರು ಹೇಳಮ್ಮ. ಹಿಂದೆ ಕ್ಯೂ ಇದೆ," ಎಂದು ರಂಗರಾಜು ಮೂರನೆಯ ಸಲ ಕೇಳಿದ.

ಚಿಕ್ಕಮಾರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಹೆಬ್ಬೂರಿನ ಪಕ್ಕದ ಆ ಹಳ್ಳಿಯ ಶಾಲೆಯಲ್ಲಿ ಲೋಕಸಭೆಗೆ ಮತದಾನ ನಡೆದಿತ್ತು. ಹೊರಗೆ, ರಸ್ತೆಯ ಈ ಬದಿ ಹೊಂಗೆ ಮರದ ಕೆಳಗೆ ರಂಗರಾಜು ಕೂತಿದ್ದ ವಿರೋಧ ಪಕ್ಷದ ಟೇಬಲ್ಲು. ಆ ಬದಿ ಆಳುವ ಪಕ್ಷದ್ದು. ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ, ಕ್ರಮಸಂಖ್ಯೆಯ ಚೀಟಿ ಬರೆದುಕೊಡುವುದು ಅಲ್ಲಿನ ಕೆಲಸ. ಪಟ್ಟಿಯಲ್ಲಿ ಚಿಕ್ಕಮಾರಮ್ಮಂದಿರು ಐವರಿದ್ದರು. ಇವಳು ಅವರಲ್ಲಿ ಯಾರೆಂದು, ತುಮಕೂರಿನಲ್ಲಿ ಸಿಮೆಂಟ್ ಅಂಗಡಿ ಇಟ್ಟುಕೊಂಡು ಚುನಾವಣೆಗೊಮ್ಮೆ ಊರಿಗೆ ಬರುವ ರಂಗರಾಜುವಿಗೆ ಗೊತ್ತಿರಲಿಲ್ಲ. ಬಾಯಲ್ಲಿ ಆಡಿದರೆ ಗಂಡನ ಆಯುಸ್ಸು ಸವೆಯುತ್ತದೆ ಎಂದು ನಂಬಿದ್ದ ಅವಳು ಹೆಸರು ಹೇಳುವಂತಿರಲಿಲ್ಲ.

"ತಿರುಪ್ತಿ ದೇವ್ರ ಹೆಸ್ರು ಕಣಪ್ಪ," ಎಂದಳು ಕೊನೆಗೆ.

"ತಿರುಪ್ತಿ ದೇವ್ರಿಗೆ ಸಾವ್ರ ಹೆಸ್ರವೆ. ಗೋವಿಂದಾ ಗೋವಿಂದ ಅಂತ ಬರ್ಕೊಳ್ಲಾ?"

ಟೇಬಲ್ಲಿನ ಸುತ್ತ ಕೂತಿದ್ದವರು ಗೊಳ್ಳೆಂದು ನಕ್ಕರು. "ಓಟೂ ಬ್ಯಾಡ, ಏನೂ ಬ್ಯಾಡ, ಬುಡಪ್ಪ," ಎಂದು ಚಿಕ್ಕಮಾರಮ್ಮ ಹಿಂದಕ್ಕೆ ತಿರುಗಿದಳು. ಸಾಲಿನಲ್ಲಿದ್ದ ಬೇರೆ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರದ ಹಿಂದೆ ಕಾರ್ಯಕರ್ತರಿಗೆಂದು ಉಪ್ಪಿಟ್ಟು ಕೆದಕುತ್ತಿದ್ದ ಮಂಗಳಗೌರಿ ಇದನ್ನೆಲ್ಲ ನೋಡುತ್ತಿದ್ದಳು. ಊರಿನ ಹಾಲಿನ ಡೈರಿಯಲ್ಲಿ ಎರಡು ಹೊತ್ತೂ ಹಾಲು ಅಳೆಯುವವಳು ಅವಳು. ಯಾರು ಯಾರ ಹೆಂಡತಿ ಎಂಬುದು ಅವರವರ ಹಸುಗಳ ಸಮೇತ ಗೊತ್ತು. ಎಂಟು ವರ್ಷ ಈ ಪಕ್ಷಕ್ಕಾಗಿ ಮನೆ ಮನೆ ತಿರುಗಿ, ತಿಂಗಳ ಹಿಂದೆ ಒಂದೇ ಒಂದನ್ನು ಕೇಳಿದ್ದಳು: ಚೀಟಿ ಬರೆಯಲು ಒಂದು ಕುರ್ಚಿ. ಈಗ ಸೌಟು ಹಿಡಿದುಕೊಂಡೇ ಬಂದಳು.

"ಅಣ್ಣಾ, ಆಯಮ್ಮ ವೆಂಕಟರಂಗಯ್ಯನೋರ ಮನೆಯವ್ರು. ಇನ್ನೂರ ಹದಿನಾಕು ನೋಡಿ. ಒಂದ್ ಕುರ್ಚಿ ಹಾಕ್ಸಿ, ಹೆಂಗಸ್ರದ್ದೆಲ್ಲ ನಾನೇ ಬರ್ಕೊಡ್ತೀನಿ."

ರಂಗರಾಜು ಪಟ್ಟಿಯಿಂದ ತಲೆ ಎತ್ತಲಿಲ್ಲ. "ದಯಾನಂದನ್ ಮನೆಯವ್ರೆ, ಆವತ್ತೇ ಹೇಳಿದೀನಲ್ಲ. ಹೆಂಗಸ್ರು ರೋಡಲ್ಲಿ ಟೇಬಲ್ ಹಾಕ್ಕೊಂಡ್ ಕೂತ್ರೆ ನೋಡ್ದೋರು ಏನಂತಾರೆ? ಉಪ್ಪಿಟ್ಟು ತಳ ಹಿಡೀತದೆ, ಹೋಗಿ."

ರಸ್ತೆಯ ಅಗಲ ಇಪ್ಪತ್ತು ಹೆಜ್ಜೆ. ದಾಟಿದರೆ ನಾಳೆ ಊರು ಏನನ್ನುತ್ತದೆ, ಮನೆಯಲ್ಲಿ ಗಂಡ ಏನನ್ನುತ್ತಾನೆ, ಎಲ್ಲವೂ ಮಂಗಳಗೌರಿಗೆ ಮುಂಚಿತವಾಗಿಯೇ ಕೇಳಿಸಿತು. ಚಿಕ್ಕಮಾರಮ್ಮ ಆಗಲೇ ಅರಳೀಕಟ್ಟೆಯವರೆಗೆ ಹೋಗಿದ್ದಳು. ಮಂಗಳಗೌರಿ ಸೌಟನ್ನು ರಂಗರಾಜುವಿನ ಪಟ್ಟಿಯ ಮೇಲೆ ಇಟ್ಟಳು. ರಸ್ತೆ ದಾಟಿದಳು.

ಆ ಬದಿಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದ ನಿವೃತ್ತ ಮೇಷ್ಟ್ರು ಮಹಾಲಿಂಗಯ್ಯ ಒಂದು ಮಾತೂ ಕೇಳದೆ ಎದ್ದು ನಿಂತರು. "ಕೂತ್ಕೊಳವ್ವ. ನಂಗೂ ಅಕ್ಷರ ಸರಿಯಾಗ್ ಕಾಣಲ್ಲ."

"ಚಿಕ್ಕಮಾರಕ್ಕಾ!" ಕುರ್ಚಿಯಿಂದಲೇ ಮಂಗಳಗೌರಿ ಕೂಗಿದಳು. "ಬಾ ಇಲ್ಲಿ. ನಾನೇನೂ ಕೇಳಲ್ಲ."

ಕೇಳಲೂ ಇಲ್ಲ. ಮುಖ ನೋಡಿದಳು, ಪುಟ ತಿರುವಿದಳು, ಬರೆದಳು. ಹನ್ನೊಂದು ಗಂಟೆಯ ಹೊತ್ತಿಗೆ ಈ ಬದಿಯ ಸಾಲು ಪೂರ್ತಿ ಆ ಬದಿಗೆ ಸರಿದಿತ್ತು. ಮನೆಯಿಂದ ಹೊರಡದೆ ಇದ್ದವರಿಗೂ ಸುದ್ದಿ ಮುಟ್ಟಿ, ಅವರೂ ತಲೆಗೂದಲು ಕಟ್ಟಿಕೊಳ್ಳುತ್ತಲೇ ಬಂದರು. ಹೊಂಗೆ ಮರದ ಕಡೆಯಿಂದ ಸೀದ ಉಪ್ಪಿಟ್ಟಿನ ವಾಸನೆ ಬಂತು. ಚೀಟಿ ಬರೆದುಕೊಟ್ಟವರನ್ನು ಮರೆತು ಗುಂಡಿ ಒತ್ತುವ ಹೆಂಗಸರಲ್ಲ ಆ ಊರಿನವರು.

ಹಿಂದೆಂದೂ ಸೋಲದ ಆ ಬೂತಿನಲ್ಲಿ ವಿರೋಧ ಪಕ್ಷ ಮುನ್ನೂರು ಓಟಿನಿಂದ ಸೋತಿತು. ಕ್ಷೇತ್ರವೂ ಹೋಯಿತು. ಗೆದ್ದವರ ಮೆರವಣಿಗೆಯ ಟ್ರ್ಯಾಕ್ಟರು ಡೈರಿಯ ಮುಂದೆ ನಿಂತಾಗ, ಯಾರಿಗೋ ತಂದಿದ್ದ ಸೇವಂತಿಗೆ ಹಾರವನ್ನು ಚಿಕ್ಕಮಾರಮ್ಮ ಕಿತ್ತುಕೊಂಡು ಮಂಗಳಗೌರಿಯ ಕೊರಳಿಗೆ ಹಾಕಿದಳು. ಎರಡು ವಾರ ಮಾತು ಬಿಟ್ಟಿದ್ದ ಗಂಡ ದಯಾನಂದನೇ ಪಟಾಕಿ ಸರಕ್ಕೆ ಕಡ್ಡಿ ಗೀರಿದ.

ವಾರ ಕಳೆದು, ಸಂಜೆ ಹಾಲಿನ ಹೊತ್ತಿಗೆ, ಡೈರಿಯ ಮುಂದೆ ವಿರೋಧ ಪಕ್ಷದ ಜೀಪು ಬಂತು. ಜಿಲ್ಲಾಧ್ಯಕ್ಷ ಅನಂತಕೃಷ್ಣ ಇಳಿದರು. ಹಿಂದಿನಿಂದ ರಂಗರಾಜು. ಸೋಲಿಗೆ ಬಿಸಿಲು ಕಾರಣ, ಹೆಂಡ ಕಾರಣ, ಹೊಸ ಮಷಿನ್ನು ಕಾರಣ ಎಂದು ತುಮಕೂರಿನ ಸಭೆಯಲ್ಲಿ ರಂಗರಾಜು ಹೇಳಿದ್ದ. ಅನಂತಕೃಷ್ಣ ಒಂದನ್ನೂ ನಂಬಿರಲಿಲ್ಲ.

"ಒಂಬತ್ತು ಬೂತಲ್ಲಿ ಹೆಂಗಸ್ರು ಟೇಬಲ್ ತನಕ ಬಂದು ವಾಪಸ್ ಹೋಗಿದಾರೆ ಕಣ್ರೀ," ಎಂದರು ಅವರು, ಜೇಬಿನಿಂದ ಚಿಕ್ಕ ಪುಸ್ತಕ ತೆಗೆಯುತ್ತ. "ಇನ್ಮೇಲೆ ಇವರೇ ವಾಪಸ್ ಬಂದು ನಮ್ಮ ಮಹಿಳಾ ಘಟಕ ನೋಡ್ಕೊಳ್ಳಿ. ಬರ್ಕೋತೀನಿ. ಇವರ ಹೆಸರೇನು?"

"ಇವ್ರು ನಮ್ ದಯಾನಂದನ್ ಮನೆಯವ್ರು ಸಾರ್."

"ಅದಲ್ರೀ. ಹೆಸರು."

ಹೆಸರು ಎಲ್ಲಾದರೂ ಬರೆದಿದೆಯೇ ಎಂದು ರಂಗರಾಜು ಡೈರಿಯ ಗೋಡೆಗಳತ್ತ ನೋಡಿದ. ಹೆಗಲ ಮೇಲಿನ ಪಕ್ಷದ ಶಾಲಿನ ತುದಿ ಅವನ ಬೆರಳಿಗೆ ಸುತ್ತಿಕೊಳ್ಳತೊಡಗಿತು. ಕ್ಯಾನು, ತಂಬಿಗೆ ಹಿಡಿದ ಹೆಂಗಸರ ಸಾಲು ಬಾಗಿಲಿನಿಂದ ಹೊರಗೆ ಬೀದಿಯವರೆಗೂ ಇತ್ತು. ಚಿಕ್ಕಮಾರಮ್ಮನ ಹಾಲಿನಲ್ಲಿ ಅದ್ದಿದ್ದ ಅಳತೆಯ ಲೋಟವನ್ನು ಮಂಗಳಗೌರಿ ನಿಧಾನವಾಗಿ ಮೇಲೆತ್ತಿದಳು.

"ಹೆಸ್ರು ಹೇಳಣ್ಣ," ಎಂದಳು. "ಹಿಂದೆ ಕ್ಯೂ ಇದೆ."