ಮೇಜಿನ ಮೇಲಿನ ಹಳದಿ ಗೆರೆ

ಅಲುಗುವ ಮೇಜಿನ ಮೇಲಂಚಿನಲ್ಲಿ ಹಳದಿ ಗೆರೆಯೊಂದು ಮೂಡಿತು. ಕೂದಲೆಳೆಯಷ್ಟು ತೆಳು. ಪೂವಪ್ಪ ನೀರು ತಗ್ಗಿಸಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಅಲ್ಲಿ ಗೆರೆ ಇರಬಾರದಿತ್ತು. ಒಮಾನಿನ ಸೊಹಾರ್ ಊರಿನ ಹಿಂದಿನ ಬೆಟ್ಟದ ಕ್ರೋಮ್ ಅದಿರಿನ ಪುಡಿಯನ್ನು ಮೂರು ವರ್ಷಗಳಿಂದ ಈ ಮೇಜಿನ ಮೇಲೆ ಹರಿಸುತ್ತಿದ್ದವನು ಅವನೇ. ಹಗುರವಾದ ಕಲ್ಲುಪುಡಿ ನೀರಿನೊಡನೆ ಕೆಳಕ್ಕೆ ಜಾರಿ ಚರಂಡಿ ಸೇರುತ್ತದೆ, ಭಾರದ ಕಪ್ಪು ಕ್ರೋಮ್ ಮೇಲೆ ಉಳಿಯುತ್ತದೆ. ಅದಕ್ಕಿಂತ ಭಾರದ್ದು ಆ ಬೆಟ್ಟದಲ್ಲಿ ಹುಟ್ಟಿಯೇ ಇಲ್ಲ. ಬೆರಳಿಟ್ಟು ಕದಡಿದ. ಚೂರುಗಳು ಚದುರಿ, ಮತ್ತೆ ಅದೇ ಜಾಗಕ್ಕೆ ಬಂದು ಸಾಲಾಗಿ ನಿಂತವು.

“ಆಂಡ್ರ್ಯೂ ಸರ್, ಒಮ್ಮೆ ಬನ್ನಿ ಮಾರಾಯ್ರೆ!”

ಆಂಡ್ರ್ಯೂ ಮಂಗಳೂರಿನ ಎಂಜಿನಿಯರ್. ಯಾವ ಗಾತ್ರದ, ಯಾವ ಸಾಂದ್ರತೆಯ ಕಣ ಮೇಜಿನ ಮೇಲೆ ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಬಲ್ಲ ಮಾಡೆಲನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಎಂಬತ್ತೊಂಬತ್ತನೆಯ ಆ ಇಸವಿಯಲ್ಲಿ ಅವನಿಗೆ ಹಿಡಿದಿದ್ದ ಹುಚ್ಚು. ಓಡಿ ಬಂದವನೇ ಒಂದು ಚಿಟಿಕೆ ಎತ್ತಿ ಅಂಗೈಯಲ್ಲಿ ತಿಕ್ಕಿದ.

“ಚಿನ್ನ! ಯಾವ ಚೀಲ ಇದು?”

ಪೂವಪ್ಪ ಚೀಟಿ ಓದಿದ. “ಸೆಪ್ಟೆಂಬರ್ ಹನ್ನೊಂದು. ಕ್ರಷರಿನ ಬಾಯಡಿಯಿಂದ ತುಂಬಿದ್ದು.” ತಾರೀಕನ್ನು ಮತ್ತೊಮ್ಮೆ ಓದಿದ. ಕೊಗ್ಗ ಕಾಣೆಯಾದದ್ದು ಅದೇ ದಿನ.

ಕೊಗ್ಗ ಅವನ ತಂಗಿ ಉಮಾವತಿಯ ಗಂಡ. ವೀಸಾ ಕೊಡಿಸಿ, ಕ್ರಷರಿನಲ್ಲಿ ಕೆಲಸಕ್ಕೆ ಹಚ್ಚಿದವನು ಪೂವಪ್ಪನೇ. “ಬುರೈಮಿಯ ಗಡಿ ದಾಟಿ ಓಡಿಹೋಗಿದ್ದಾನೆ, ಖಲಾಸ್” ಎಂದಿತ್ತು ಕಂಪನಿ. ಪಾಸ್‌ಪೋರ್ಟು ಕಂಪನಿಯ ತಿಜೋರಿಯಲ್ಲೇ ಇರುವಾಗ ಓಡುವುದೆಲ್ಲಿಗೆ? ಊರಿನಿಂದ ತಂಗಿಯ ದನಿ ತುಂಬಿದ ಕ್ಯಾಸೆಟ್ಟು ಬಂದಿತ್ತು: “ಅಣ್ಣಾ, ಇದ್ದಾರಾ ಇಲ್ವಾ, ಅಷ್ಟು ಹೇಳು. ನಾನು ಹಣೆಗೆ ಕುಂಕುಮ ಇಡ್ಲಾ, ಬೇಡ್ವಾ?” ಎರಡು ತಿಂಗಳಾದರೂ ಪೂವಪ್ಪನಿಂದ ಉತ್ತರ ಹೋಗಿರಲಿಲ್ಲ. ಏನಂತ ಹೇಳುವುದು, ಕರ್ಮ!

ಆಂಡ್ರ್ಯೂ ಆಗಲೇ ಗೆರೆಯ ಜಾಗ ಅಳೆದು, ಚೂರುಗಳ ಗಾತ್ರ ನೋಡಿ, ಮಾಡೆಲನ್ನು ಹಿಂದುಮುಂದಾಗಿ ಓಡಿಸಿದ್ದ. ಎಲ್ಲಿಗೆ ಬೀಳುತ್ತದೆ ಎಂದಲ್ಲ, ಇಲ್ಲಿಗೆ ಬಿದ್ದದ್ದು ಎಷ್ಟು ಸಾಂದ್ರತೆಯದು ಎಂದು. ಪರದೆಯಲ್ಲಿ ಹದಿನೇಳು ಪಾಯಿಂಟ್ ಆರು ಎಂದು ಬಂತು. ಅವನ ಮುಖ ಬಾಡಿತು.

“ಅಪ್ಪಟ ಚಿನ್ನ ಹತ್ತೊಂಬತ್ತು ದಾಟ್ತದೆ. ಇದು ಇಪ್ಪತ್ತೆರಡು ಕ್ಯಾರೆಟ್ಟಿನದ್ದು. ಬೆಟ್ಟದ್ದಲ್ಲ ಪೂವಪ್ಪ, ಅಕ್ಕಸಾಲಿ ಮಾಡಿದ್ದು. ಯಾರದ್ದೋ ಉಂಗುರ ಜಾರಿ ಬಿದ್ದಿರ್ಬೇಕು.”

“ಭಾವನ ಉಂಗುರ ಜಾರುದಿಲ್ಲ ಸರ್. ಮದುವೆಗೆ ನಾನೇ ಮಾಡಿಸಿ ಹಾಕಿದ್ದು, ನಾಲ್ಕು ಗ್ರಾಮ್. ಬೆರಳು ದಪ್ಪ ಆಗಿ, ಸಾಬೂನು ಹಚ್ಚಿ ಎಳೆದ್ರೂ ಬರ್ತಿರ್ಲಿಲ್ಲ.”

ಮೇಜು ಟಕಟಕ ಅಲುಗುತ್ತಲೇ ಇತ್ತು. ಆಂಡ್ರ್ಯೂ ಚೀಲಗಳ ಅಳತೆ ಬರೆದಿಟ್ಟ ತನ್ನ ಪುಸ್ತಕ ತಿರುವಿ, ಒಂದು ಪುಟದಲ್ಲಿ ನಿಂತುಬಿಟ್ಟ.

“ಆ ಚೀಲ ಒದ್ದೆ ಇತ್ತು. ನೀರಿನಂಶ ನೂರಕ್ಕೆ ಒಂಬತ್ತು. ಇಲ್ಲಿ ಮಳೆ ಬಿದ್ದು ಏಳು ತಿಂಗಳಾಗಿತ್ತಲ್ಲ, ತೂಕ ತಪ್ಪಿರ್ಬೇಕು ಅಂತ ನಾನೇ ಕಂಪ್ಯೂಟರಲ್ಲಿ ಒಂದು ಅಂತ ತಿದ್ದಿದೆ.”

“ಕ್ರಷರನ್ನು ಯಾರಾದ್ರೂ ತೊಳೀತಾರಾ ಸರ್?”

ಯಾರೂ ತೊಳೆಯುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು; ಆ ಒದ್ದೆ ಬರೀ ನೀರಿನದ್ದಲ್ಲ ಎಂಬುದು ಈಗ ಗೊತ್ತಾಯಿತು. ಆಂಡ್ರ್ಯೂ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಪೂವಪ್ಪ ಮೇಜಿನ ಕೆಳಗಿನ ಚರಂಡಿಯನ್ನೇ ನೋಡುತ್ತ ನಿಂತ. ಹಗುರವಾದದ್ದೆಲ್ಲ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಅವನಿಗೆ ಮಾಡೆಲ್ ಬೇಕಿರಲಿಲ್ಲ.

ಪರದೆಯ ಮೇಲೆ ಪ್ರಶ್ನೆಯೊಂದು ಮಿನುಗುತ್ತಿತ್ತು. ಹೊಸ ಖನಿಜದ ಹೆಸರೇನು? ಹೆಸರು ಕೊಡದೆ ಮಾಡೆಲ್ ಮುಂದೆ ಹೋಗದು, ವರದಿ ಅಚ್ಚಾಗದು. ಶನಿವಾರ ಅದು ಮಸ್ಕತ್ತಿನ ದೊಡ್ಡ ಆಫೀಸಿಗೆ ಹೋಗಬೇಕು.

“ಬರೆದ್ರೆ ನಮ್ಮಿಬ್ಬರನ್ನೂ ಊರಿಗೆ ಅಟ್ತಾರೆ,” ಎಂದ ಆಂಡ್ರ್ಯೂ. “ಈ ಚೀಲವನ್ನೇ ಅಳಿಸಿಬಿಡ್ಲಾ?”

“ಅವನನ್ನು ಒಮ್ಮೆ ಅಳಿಸಿ ಆಗಿದೆ ಸರ್.”

ಆಂಡ್ರ್ಯೂ ಪುಸ್ತಕದ ಆ ಪುಟವನ್ನು ಮತ್ತೆ ತೆರೆದಿಟ್ಟ. ಆಮೇಲೆ ನೀರಿನಂಶದ ಒಂದನ್ನು ಅಳಿಸಿ ಮತ್ತೆ ಒಂಬತ್ತು ಮಾಡಿದ. ಕುರ್ಚಿ ಬಿಟ್ಟು ಎದ್ದ. ಪೂವಪ್ಪ ಕೂತು, ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಹೆಸರು ಒತ್ತಿದ.

ಪ್ರಿಂಟರು ಕರಕರನೆ ಸಾಲು ಬಿಟ್ಟುಕೊಟ್ಟಿತು. ಕಲ್ಲು, ನೂರಕ್ಕೆ ಐವತ್ತೆಂಟು. ಕ್ರೋಮ್, ನಲವತ್ತೆರಡಕ್ಕೆ ತುಸು ಕಡಿಮೆ. ಕೊಗ್ಗ, ಪಾಯಿಂಟ್ ಸೊನ್ನೆ ಎರಡು.