ಬಲ ತಿರುವು

ಸ್ಟೀರಿಂಗ್ ಬಲಕ್ಕೆ ತಿರುಗಿದ್ದೇ ತಡ, ಹಲ್ಲಿನ ಡಾಕ್ಟರ ಎಡಗೈ ತಾನಾಗಿಯೇ ಚಾಚಿ, ಪಕ್ಕದಲ್ಲಿ ಕೂತ ಹೆಂಡತಿಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

“ಎರಡೂ ಕೈ ಸ್ಟೀರಿಂಗ್ ಮೇಲಿರ್ಲಿ ಡಾಕ್ಟ್ರೇ,” ಎಂದ ಟೆಸ್ಟ್ ಡ್ರೈವಿಗೆ ಜೊತೆ ಬಂದಿದ್ದ ಷೋರೂಮಿನವನು. ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಅವನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. “ಇದು ಸ್ಪೋರ್ಟ್ಸ್ ಕಾರು. ಸ್ವಲ್ಪ ಒತ್ತಿದ್ರೆ ಹಾರತ್ತೆ.”

ಡಾಕ್ಟರು ನಾಚಿ ಕೈ ಹಿಂದಕ್ಕೆಳೆದುಕೊಂಡರು. “ನಮ್ಮ ಹಳೇ ಕಾರಿನ ಅಭ್ಯಾಸ ಕಣಪ್ಪ. ಬಲಕ್ಕೆ ತಿರುಗಿಸಿದಾಗ ಒಮ್ಮೊಮ್ಮೆ ಇವಳ ಕಡೆ ಬಾಗಿಲು ಬಾಯಿ ಬಿಡತ್ತೆ. ನನ್ನ ಪೇಷಂಟುಗಳೂ ಅಷ್ಟು ಸಲೀಸಾಗಿ ಬಿಡಲ್ಲ.”

ಈ ಕಾರಿನ ಬಾಗಿಲೋ, ಒಮ್ಮೆ ಟಪ್ಪೆಂದು ಕೂತರೆ ಮಿಸುಕುವುದಿಲ್ಲ. ಮುಂದಿನ ಬಲ ತಿರುವನ್ನು ಅವರು ಎರಡೂ ಕೈಯಲ್ಲಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ದಾಟಿದರು. ಹದಿನೆಂಟು ವರ್ಷ ಆ ಡಬ್ಬವನ್ನು ಯಾಕೆ ಓಡಿಸಿದೆನೋ ಅನ್ನಿಸಿತು. “ಹೇಗಿದೆ? ಆರಾಮಾಗಿ ಕೂತ್ಯಾ?” ಎಂದು ಗೆಲುವಿನಿಂದ ಹೆಂಡತಿಯತ್ತ ತಿರುಗಿದರು.

ಆಕೆ ತನ್ನ ರಟ್ಟೆಯನ್ನು ತಾನೇ ಹಿಡಿದುಕೊಂಡು ಕೂತಿದ್ದಳು.

“ಚೆನ್ನಾಗಿದೆ. ಆದ್ರೆ ಒಂದು ಮಾತು, ಬೈಬಾರ್ದು. ನಮ್ಮ ಕಾರಿನ ಬಾಗಿಲು ಸರಿಹೋಗಿ ಎರಡು ವರ್ಷ ಆಯ್ತು. ನಾನೇ ಹೊಸ ಲಾಕ್ ಹಾಕಿಸ್ದೆ. ಹೇಳಿದ್ರೆ ನೀವು ಕೈ ಬಿಟ್ಬಿಡ್ತೀರಿ ಅಂತ ಹೇಳ್ಲಿಲ್ಲ.”