ಒಣ ಬಲೆ

"ರುಡೊಲ್ಫ್, ಬಲೆ ಹಾಕು ಮಾರಾಯ!" ಮೇಲಿನಿಂದ ಇವಾನ್ ಕೂಗಿದ. ಅವನ ಗಾಳಕ್ಕೆ ಬಿದ್ದ ಹಮೂರ್ ಮೀನು ದೇರಾದ ಕಡಲಂಚಿನ ಕಲ್ಲುದಂಡೆಯವರೆಗೆ ಬಂದಿತ್ತು. ಗೆಳೆಯರ ಚಳಿಗಾಲದ ಮೀನುಬೇಟೆಗೆ ಅದು ಕೊನೆಯ ದಿನ. ಇಡೀ ಸೀಸನ್ನಿನಲ್ಲಿ ಇವಾನನಿಗೆ ಸಿಕ್ಕಿದ್ದು ಇದೊಂದೇ. ಕೈಬಲೆ ಹಿಡಿದು ನೀರಿನಂಚಿನಲ್ಲಿ ನಿಂತಿದ್ದ ರುಡೊಲ್ಫ್ ಮೀನನ್ನು ಕಣ್ಣಲ್ಲೇ ಅಳೆದ. ಜನವರಿಯಲ್ಲಿ ತಾನು ಹಿಡಿದು, ಊರಿಗೆಲ್ಲ ಫೋಟೊ ಕಳಿಸಿ ಮೆರೆದ ಮೀನಿಗಿಂತ ಇದು ಗೇಣುದ್ದ ದೊಡ್ಡದು.

ಅವನ ಕೈ ಮುಂದೆ ಹೋಗಲಿಲ್ಲ. ಮೀನು ಒಮ್ಮೆ ಕೊಸರಿ, ದಾರ ಹರಿದುಕೊಂಡು ಹೋಯಿತು.

ಇವಾನ್ ದಂಡೆಯ ಕಲ್ಲುಗಳನ್ನು ಆಧರಿಸಿಕೊಂಡು ಕೆಳಗಿಳಿಯುವಷ್ಟರಲ್ಲಿ ರುಡೊಲ್ಫ್ ಒಣ ಬಲೆಯನ್ನು ಫಕ್ಕನೆ ನೀರಿಗೆ ಅದ್ದಿ ತೆಗೆದ.

ನೀರು ಸೋರುತ್ತಿದ್ದ ಬಲೆಯನ್ನು ನೋಡಿ ಇವಾನ್ ಅವನ ಹೆಗಲು ತಟ್ಟಿದ. "ನೀನು ಏನು ಮಾಡ್ಲಿಕ್ಕುಂಟು? ನಾನೇ ಗಡಿಬಿಡಿಯಲ್ಲಿ ಎಳೆದದ್ದು."

ರುಡೊಲ್ಫನಿಗೆ ಅವನ ಮುಖ ನೋಡಲಾಗಲಿಲ್ಲ.

"ಖಲಾಸ್, ಬಿಡು. ಬರುವ ಚಳಿಗೂ ಬಲೆ ನೀನೇ ಹಿಡಿ," ಎಂದ ಇವಾನ್.